ಸದ್ದು ಮಾಡುವ ರಿಲೇ ಸ್ವಸ್ಥವೆ?

ನಮ್ಮ ಪ್ರಯೋಗಶಾಲೆಯಲ್ಲಿ ಹಳೆಯದೊಂದು ಮಿಲಿವೋಲ್ಟ್ ಮಾಪಕವುಂಟು. ಉಷ್ಣಯುಗ್ಮದ ಪ್ರಯೋಗದಲ್ಲಿ ಅದನ್ನು ಬಳಸಿದ ವಿದ್ಯಾರ್ಥಿಯೊಬ್ಬನ ಅಳತೆಗಳು ಒಂದಕ್ಕೊಂದು ಹೊಂದಲಿಲ್ಲ. ಅಜಾಗ್ರತೆಯೆಂದು ಭಾವಿಸಿ ನಾನು ಅವನ ಅಂಕಗಳನ್ನು ಕಡಿಮೆ ಮಾಡಿದೆನು. ಮರುವಾರ ನಾನೇ ಅಳೆದಾಗಲೂ ಮುಳ್ಳು ಅತ್ತಿತ್ತ ಅಲೆಯಿತು. ಪೆಟ್ಟಿಗೆಯನ್ನು ತಟ್ಟಿದರೆ ನಿಂತಿತು. ದೋಷವಿದ್ದುದು ಒಳಗಿನ ಒಂದು ರಿಲೇಯಲ್ಲಿ.

ರಿಲೇ ಎಂದರೆ ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚು. ಸುರುಳಿಯಲ್ಲಿ ಪ್ರವಾಹ ಹರಿದೊಡನೆ ಅದರ ಕಬ್ಬಿಣದ ತಿರುಳು ಕಾಂತವಾಗಿ ಒಂದು ಪಟ್ಟಿಯನ್ನು ಸೆಳೆಯುತ್ತದೆ. ಆ ಪಟ್ಟಿಯು ಎರಡು ಸ್ಪರ್ಶಬಿಂದುಗಳನ್ನು ಕೂಡಿಸುತ್ತದೆ. ನಮ್ಮ ಮಾಪಕದಲ್ಲಿ ಅಳತೆಯ ವ್ಯಾಪ್ತಿಯನ್ನು ಬದಲಿಸುವುದು ರಿಲೇಗಳೇ.

ಬದಲಿಸಿದಾಗಲೆಲ್ಲ 'ಟಕ್' ಎಂಬ ಸದ್ದು ಕೇಳುತ್ತಿತ್ತು. ಆದರೆ ಅದು ಸಾರುವುದು ಸುರುಳಿಯ ಕ್ಷೇಮವನ್ನೇ ಹೊರತು ಸ್ಪರ್ಶಬಿಂದುಗಳ ಕ್ಷೇಮವನ್ನಲ್ಲ. ಬೆಳ್ಳಿಯ ದೀಪ ಕಪ್ಪಾಗುವುದನ್ನು ನೀವು ಕಂಡಿರುವಿರಿ. ಗಾಳಿಯಲ್ಲಿರುವ ಗಂಧಕಯುಕ್ತ ಅನಿಲಗಳು ಬೆಳ್ಳಿಯೊಡನೆ ಸೇರಿ ಸಲ್ಫೈಡಿನ ಪೊರೆಯನ್ನುಂಟುಮಾಡುತ್ತವೆ. ಬೆಳ್ಳಿಯ ಸ್ಪರ್ಶಬಿಂದುಗಳಿಗೂ ಇದೇ ಗತಿ. 230 ವೋಲ್ಟಿನ ಮಂಡಲದಲ್ಲಿ ಈ ತೆಳುಪೊರೆ ಭೇದಿಸಿಹೋಗುತ್ತದೆ. ಕೆಲವೇ ಮಿಲಿವೋಲ್ಟುಗಳಿಗೆ ಆ ಸಾಮರ್ಥ್ಯವಿಲ್ಲ. ಆದುದರಿಂದಲೇ ಸೂಕ್ಷ್ಮವಾದ ಅಳತೆಗಳು ಮೊದಲು ಕೆಡುತ್ತವೆ.

ಸಾಧಾರಣ ಓಮ್ ಮಾಪಕವೂ ಇಲ್ಲಿ ವಂಚಿಸಬಹುದು. ಅದು ಪ್ರಯೋಗಿಸುವ ಒಂದೆರಡು ವೋಲ್ಟುಗಳೇ ಪೊರೆಯನ್ನು ಒಡೆದು, ರೋಗಿಯನ್ನು ಆರೋಗ್ಯವಂತನೆಂದು ತೋರಿಸಬಲ್ಲವು! ಬದಲಿಗೆ ಹೀಗೆ ಮಾಡಿರಿ. ಉಪಕರಣದ ಪ್ಲಗ್ಗನ್ನು ಕಿತ್ತು, ಒಳಗಿನ ಕೆಪಾಸಿಟರುಗಳ ಆವೇಶ ಇಳಿದಿದೆಯೆಂದು ಖಚಿತಪಡಿಸಿಕೊಂಡು, ರಿಲೇಯನ್ನು ಹೊರತೆಗೆಯಿರಿ. 1.5 ವೋಲ್ಟಿನ ಕೋಶ, 150 ಓಮ್ ರೋಧಕ, 2 ಓಮ್ ರೋಧಕಗಳನ್ನು ಸರಣಿಯಲ್ಲಿ ಜೋಡಿಸಿರಿ. 2 ಓಮ್ ರೋಧಕದ ಎರಡು ತುದಿಗಳಿಗೆ ಸ್ಪರ್ಶಬಿಂದುಗಳನ್ನು ಸೇರಿಸಿರಿ. ಸ್ಪರ್ಶ ತೆರೆದಿದ್ದರೂ ಅಲ್ಲಿನ ವಿಭವಾಂತರ 20 ಮಿಲಿವೋಲ್ಟನ್ನು ಮೀರದು. ಈಗ ಸುರುಳಿಗೆ ಅದರ ನಿಯಮಿತ ವೋಲ್ಟನ್ನು ಕೊಟ್ಟು, ನಂಬಿಕೆಗೆ ಅರ್ಹವಾದ ಬೇರೊಂದು ಮಾಪಕದ ತಂತಿಗಳನ್ನು ರಿಲೇಯ ಕಾಲುಗಳಿಗೇ ಮುಟ್ಟಿಸಿರಿ. ಸುಮಾರು 1 ಮಿಲಿವೋಲ್ಟ್ ಕಂಡರೆ ಸ್ಪರ್ಶದ ರೋಧ 0.1 ಓಮಿನಷ್ಟು, ಅದು ಸ್ವಸ್ಥ. ನಮ್ಮ ರಿಲೇಯಲ್ಲಿ ಅದು ಒಮ್ಮೆ 3, ಮತ್ತೊಮ್ಮೆ 18 ಮಿಲಿವೋಲ್ಟ್ ಆಗಿತ್ತು.

ಚಿಕಿತ್ಸೆ ಸರಳ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತೋಯಿಸಿದ ಗಟ್ಟಿ ಕಾಗದದ ಪಟ್ಟಿಯನ್ನು ಸ್ಪರ್ಶಬಿಂದುಗಳ ನಡುವೆ ಇಟ್ಟು, ಅವನ್ನು ಹಗುರವಾಗಿ ಒತ್ತಿ, ಪಟ್ಟಿಯನ್ನು ಎಳೆಯಬೇಕು. ಬಳಿಕ ಒಣ ಪಟ್ಟಿಯಿಂದ ಒರಸಬೇಕು. ಅರವಾಗಲಿ ಉಜ್ಜುಕಾಗದವಾಗಲಿ ಕೂಡದು. ಕೆಲವು ರಿಲೇಗಳಲ್ಲಿ ಬೆಳ್ಳಿಯ ಮೇಲೆ ಚಿನ್ನದ ಅತಿ ತೆಳುವಾದ ಲೇಪವಿರುತ್ತದೆ. ಒಮ್ಮೆ ಉಜ್ಜಿದರೆ ಅದು ಹೋಯಿತು. ಗಾಜಿನಲ್ಲಿ ಮುಚ್ಚಿದ ರಿಲೇಗಳನ್ನು ತೆರೆಯಲೇಬಾರದು, ಕೆಲವುಗಳಲ್ಲಿ ಪಾದರಸವಿರುತ್ತದೆ. ಅವು ಕೆಟ್ಟರೆ, ಅದೇ ಸುರುಳಿ ವೋಲ್ಟಿನ, ಅಲ್ಪ ಸಂಕೇತಗಳಿಗೆ ತಕ್ಕ ಹೊಸದನ್ನೇ ಹಾಕಬೇಕು.

ಶುದ್ಧಿಯಾದ ಮೇಲೆ ನಮ್ಮ ರಿಲೇ ಹತ್ತು ಸಲ ಮುಚ್ಚಿದಾಗಲೂ 1 ಮಿಲಿವೋಲ್ಟಿನ ಆಸುಪಾಸಿನಲ್ಲೇ ನಿಂತಿತು. ಆ ವಿದ್ಯಾರ್ಥಿ ಮತ್ತೆ ಪ್ರಯೋಗ ಮಾಡಿದನು. ಅವನ ಅಳತೆಗಳು ಸರಿಯಾಗಿ ಹೊಂದಿದವು. ಕಡಿತಗೊಳಿಸಿದ ಅಂಕಗಳನ್ನು ನಾನು ಹಿಂದಿರುಗಿಸಿದೆನು. ಅಳೆಯುವವನನ್ನು ಶಂಕಿಸುವ ಮೊದಲು ಅಳೆಯುವ ಸಾಧನವನ್ನು ಪರೀಕ್ಷಿಸಬೇಕೆಂಬ ಪಾಠವನ್ನು ಆ ದಿನ ಕಲಿತವನು ಉಪನ್ಯಾಸಕನು.