ಭಾರತದ ಕ್ರೈಸ್ತ ಸಂತರು: ಪರೀಕ್ಷೆಗೆ ಇಷ್ಟು ಸಾಕು

1. ಕ್ಯಾಥೊಲಿಕ್ ಸಂತ ಪದವಿಯ ಮೆಟ್ಟಿಲು 4: ದೇವರ ಸೇವಕ, ಪೂಜ್ಯ, ಧನ್ಯ, ಸಂತ. ಘೋಷಣೆ ಪೋಪ್‌ರಿಂದ.

2. ಗೊನ್ಸಾಲೊ ಗಾರ್ಸಿಯಾ: ಜನನ ವಸಯಿ, 1597ರಲ್ಲಿ ನಾಗಸಾಕಿಯಲ್ಲಿ ಶಿಲುಬೆಗೇರಿಸಿ ಹತ್ಯೆ. ಭಾರತದಲ್ಲಿ ಹುಟ್ಟಿದ ಮೊದಲ ಸಂತ (1862).

3. ಅಲ್ಫೋನ್ಸಾ (2008): ಮೊದಲ ಭಾರತೀಯ ಮಹಿಳಾ ಸಂತ. ಇಲ್ಲಿ ಮದರ್ ತೆರೇಸಾಗೆ ಗುರುತು ಹಾಕಿ ಅಂಕ ಕಳೆದುಕೊಳ್ಳಬೇಡಿ. ಅವರು ಹುಟ್ಟಿದ್ದು ಸ್ಕೋಪ್ಯೆಯಲ್ಲಿ, ಸಂತ ಪದವಿ 2016ರಲ್ಲಿ.

4. ದೇವಸಹಾಯಂ ಪಿಳ್ಳೈ (2022): ತಿರುವಾಂಕೂರು ಅರಮನೆಯ ಅಧಿಕಾರಿ. ಪಾದ್ರಿಯಲ್ಲ, ಗೃಹಸ್ಥ, ಪ್ರಶ್ನೆ ಬರುವುದೇ ಇದರ ಮೇಲೆ.

5. ಜೋಸೆಫ್ ವಾಜ್ (2015): ಗೋವಾದವರು, ‘ಶ್ರೀಲಂಕಾದ ಅಪೊಸ್ತಲ’. ಮೊದಲು ಕೆನರಾದಲ್ಲಿ ಸೇವೆ. ಮಂಗಳೂರು ಬಳಿಯ ಮುಡಿಪುವಿನಲ್ಲಿ ಯಾತ್ರಾಸ್ಥಳ.

ಗೊಂದಲ: ಆರಾಧನೆ ದೇವರಿಗೆ ಮಾತ್ರ. ಸಂತರಿಗೆ ಸಲ್ಲುವುದು ಗೌರವ. ಭಕ್ತರು ಅವರಲ್ಲಿ ಬೇಡುವುದು ಮಧ್ಯಸ್ಥಿಕೆ. ಹಬ್ಬ ಸಾಮಾನ್ಯವಾಗಿ ಮರಣದ ದಿನ, ಹುಟ್ಟಿದ ದಿನವಲ್ಲ.