ಬಚ್ಚಲ ನೀರಿಗೆ ಕರೆಂಟು ಎಷ್ಟು ಬೇಕು?

ನಮ್ಮ ಬಯಲುಸೀಮೆಯಲ್ಲಿ ಸಂಕ್ರಾಂತಿ ಕಳೆಯುವವರೆಗೂ ಮೂಡಗಾಳಿ ಬಿಡುವುದಿಲ್ಲ. ಹಿಂದೆ ಬಚ್ಚಲ ಒಲೆಗೆ ತೊಗರಿ ಕಡ್ಡಿ, ಹತ್ತಿ ಕಡ್ಡಿ ಸಾಕಾಗುತ್ತಿತ್ತು. ಈಗ ಸೌದೆ ತರುವವರಿಲ್ಲ, ಮನೆಮನೆಗೂ ಕಾಯಿಲ್ ಬಂದಿದೆ. 2023ರಲ್ಲಿ ಗೃಹಜ್ಯೋತಿ ಶುರುವಾದ ಮೇಲಂತೂ ಕರೆಂಟು ಪುಕ್ಕಟೆ ಅಂತ ಕಾಯಿಲ್ ಹಾಕಿ ಹೊಲದ ಕಡೆ ಹೋಗಿಬಿಡುವವರಿದ್ದಾರೆ. ಪುಕ್ಕಟೆ ಇರುವುದು ಮನೆಯ ಹಿಂದಿನ ಸರಾಸರಿ ಬಳಕೆ ನೋಡಿ ಗೊತ್ತುಮಾಡಿದ ಯೂನಿಟ್‌ಗೆ ಮಾತ್ರ. ಅದರ ಮೇಲಿನದಕ್ಕೆ ದುಡ್ಡು ಕಟ್ಟಬೇಕು. 200 ಯೂನಿಟ್ ದಾಟಿತೋ, ಪೂರ್ತಿ ಬಿಲ್ಲು. ಚಳಿಗಾಲದಲ್ಲಿ ಬಿಲ್ಲು ಏರುವುದು ಬಲ್ಬಿನಿಂದಲ್ಲ, ಬಚ್ಚಲಿನಿಂದ.

ಲೆಕ್ಕ ಸುಲಭ ಇದೆ. ಒಂದು ಯೂನಿಟ್ ಕರೆಂಟಿನಲ್ಲಿ 86 ಲೀಟರ್ ನೀರು 10 ಡಿಗ್ರಿ ಬಿಸಿಯಾಗುತ್ತದೆ. ನಾಲ್ಕು ಜನಕ್ಕೆ 60 ಲೀಟರ್ ಹಿಡಿಯೋಣ. ರಾತ್ರಿಯೆಲ್ಲ ಬಯಲಲ್ಲಿ ನಿಂತು 18 ಡಿಗ್ರಿಗೆ ಇಳಿದ ನೀರನ್ನು ಮೈಗೆ ಹಿತವಾಗುವ 42 ಡಿಗ್ರಿಗೆ ತರಲು ಒಂದೂಮುಕ್ಕಾಲು ಯೂನಿಟ್‌ಗೆ ತುಸು ಕಮ್ಮಿ ಬೇಕು. ತಿಂಗಳಿಗೆ 50 ಯೂನಿಟ್. ಇದು ಒಂದು ಹನಿ ಶಾಖವೂ ಪೋಲಾಗದಿದ್ದರೆ ಬರುವ ಲೆಕ್ಕ. ನಮ್ಮ ಮೀಟರು ಇದಕ್ಕಿಂತ ಹೆಚ್ಚು ತಿರುಗಿದರೆ ಉಳಿದದ್ದು ಗಾಳಿಗೆ ಹೋಯಿತು ಅಂತಲೇ ಅರ್ಥ.

ಮೊದಲನೆಯ ಉಳಿತಾಯ ನೀರು ತರುವುದರಲ್ಲೇ ಇದೆ. ಚಳಿಯಲ್ಲಿ ಬೆಳಗಿನ ಜಾವ ಬೋರ್ ಚಾಲೂ ಮಾಡಿದರೆ ಪೈಪಿನ ಬಾಯಲ್ಲಿ ಹೊಗೆ ಏಳುವುದನ್ನು ಎಲ್ಲರೂ ನೋಡಿದ್ದೇವೆ. ನೆಲದೊಳಗಿನ ನೀರು ವರ್ಷವೆಲ್ಲ ಹೆಚ್ಚುಕಮ್ಮಿ ಒಂದೇ ಬಿಸಿಯಲ್ಲಿರುತ್ತದೆ, ನಮ್ಮ ಕಡೆ ಸುಮಾರು 26 ಡಿಗ್ರಿ. ಅದನ್ನು ಸಿಮೆಂಟ್ ತೊಟ್ಟಿಯಲ್ಲಿ ರಾತ್ರಿಯೆಲ್ಲ ಆಕಾಶಕ್ಕೆ ತೆರೆದಿಟ್ಟು ತಣಿಸಿ, ಬೆಳಿಗ್ಗೆ ದುಡ್ಡು ಕೊಟ್ಟು ಮತ್ತೆ ಕಾಯಿಸುತ್ತೇವೆ! ಬೋರಿನಿಂದ ಬಂದ ನೀರನ್ನೇ ನೇರ ಕಾಯಿಸಿದರೆ 60 ಲೀಟರಿಗೆ ಒಂದು ಯೂನಿಟ್ ಚಿಲ್ಲರೆ ಸಾಕು, ತಿಂಗಳಿಗೆ 16 ಯೂನಿಟ್ ಉಳಿಯಿತು. ಹೊಲಕ್ಕೆ ನೀರು ಬಿಡುವ ಹೊತ್ತಿಗೆ ಹಿಡಿದುಕೊಳ್ಳಿ. ನಾಲ್ಕು ಕೊಡಕ್ಕಾಗಿ ಮೋಟಾರ್ ಹಾಕುವುದು ಬೇಡ. ಪಂಚಾಯಿತಿ ನಲ್ಲಿಯವರು ಕಪ್ಪು ಡ್ರಮ್ಮಿಗೆ ತುಂಬಿ ಬಿಸಿಲಿಗಿಟ್ಟು, ಹೊತ್ತು ಮುಳುಗುವ ಮುಂಚೆ ಮನೆಯೊಳಗೆ ತಂದು ಮುಚ್ಚಿಡಬಹುದು. ಸಂಜೆ ಸ್ನಾನ ಮಾಡುವ ರೂಢಿ ಇದ್ದರೆ ಇನ್ನೂ ಲಾಭ.

ಎರಡನೆಯದು ಮುಚ್ಚಳ. ಇದನ್ನು ಯಾರೂ ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಬಿಸಿನೀರಿನ ಶಾಖ ಹೆಚ್ಚಾಗಿ ಹೋಗುವುದು ಪಕ್ಕದಿಂದಲ್ಲ, ಮೇಲಿನಿಂದ, ಹಬೆಯಾಗಿ. ಒಂದು ಲೀಟರ್ ನೀರು ಆವಿಯಾಗಿ ಹೋಗುವಾಗ ಒಯ್ಯುವ ಶಾಖದಲ್ಲಿ 57 ಲೀಟರನ್ನು 10 ಡಿಗ್ರಿ ಬಿಸಿ ಮಾಡಬಹುದು. ಬಚ್ಚಲು ಮನೆಯ ಹೊರಗಿದ್ದು ಮೂಡಗಾಳಿ ಬೀಸುತ್ತಿದ್ದರೆ ಹಬೆ ಎದ್ದದ್ದೆಲ್ಲ ಹಾರಿಹೋಗಿ ಮತ್ತೆ ಹೊಸದು ಏಳುತ್ತಿರುತ್ತದೆ. ಮಂಜು ಬೀಳುವ ದೇಶಗಳಲ್ಲಿ ಅಂಗಳದಲ್ಲೇ ಬಿಸಿನೀರ ತೊಟ್ಟಿ ಇಟ್ಟುಕೊಂಡು ಕೂರುವವರಿದ್ದಾರೆ. ಅವರೂ ಮೊದಲು ಕೊಳ್ಳುವುದು ದಪ್ಪ ಸ್ಪಂಜಿನ ಮುಚ್ಚಳ. ನಮಗೆ ಹಲಗೆ ಸಾಕು, ಕಾಯಿಲ್ ಇಳಿಯುವಷ್ಟು ಒಂದು ಕಡೆ ಕೊರೆದುಕೊಳ್ಳಬೇಕು. ಥರ್ಮೋಕೋಲ್ ಕಾಯಿಲ್ ತಗುಲಿದರೆ ಕರಗುತ್ತದೆ, ಕಾಯಿಲ್ ತೆಗೆದ ಮೇಲೆ ಮುಚ್ಚಿ. ಬಚ್ಚಲಿನ ಮೂಡಲ ಮಗ್ಗುಲಿಗೆ ಜೋಳದ ದಂಟಿನ ತಡಿಕೆ ಕಟ್ಟಿ.

ಪಕ್ಕದ ಶಾಖ ಉಳಿಸಲು ಡ್ರಮ್ಮನ್ನು ದೊಡ್ಡ ಬಿದಿರು ಬುಟ್ಟಿಯಲ್ಲಿಟ್ಟು ಸುತ್ತ, ತಳಕ್ಕೆ ಶೇಂಗಾ ಸಿಪ್ಪೆ ಬಿಗಿಯಾಗಿ ತುಂಬಬೇಕು. ಮಿಲ್ಲಿನಲ್ಲಿ ಸಿಗುತ್ತದೆ. ಮೇಲೆ ಗೊಬ್ಬರದ ಚೀಲ ಬಿಚ್ಚಿ ಹೊದಿಸಿ, ಒದ್ದೆಯಾದ ಸಿಪ್ಪೆ ಇದ್ದೂ ಇಲ್ಲದ ಹಾಗೆ. ಒಳಗೆ ಬೀಜ ಉಳಿದಿದ್ದರೆ ಇಲಿ ಬರುತ್ತವೆ, ಜರಡಿ ಹಿಡಿದು ತುಂಬಿ. ಹೀಗೆ ಮಾಡಿದ ಮೇಲೆ ನಮ್ಮ ಮನೆಯಲ್ಲಿ ಅವ್ವ ಎಲ್ಲರದೂ ಆಗಿ ಒಂದು ತಾಸಿನ ಮೇಲೆ ಸ್ನಾನ ಮಾಡಿದರೂ ಎರಡನೇ ಸಲ ಕಾಯಿಲ್ ಹಾಕುವ ಗೋಜಿಲ್ಲ.

ಕೆಲವು ತಪ್ಪು ತಿಳಿವಳಿಕೆ ಇವೆ. 1000 ವಾಟಿನ ಕಾಯಿಲ್ ಕರೆಂಟು ಕಮ್ಮಿ ತಿನ್ನುತ್ತದೆ ಅಂತಾರೆ. ಅಷ್ಟೇ ನೀರಿಗೆ ಅಷ್ಟೇ ಶಾಖ ಬೇಕು, ಅದು ಎರಡರಷ್ಟು ಹೊತ್ತು ಉರಿಯುತ್ತದೆ, ಆ ಹೊತ್ತೆಲ್ಲ ನೀರು ಆರುತ್ತಲೂ ಇರುತ್ತದೆ. ಹಾಗಂತ ಹಳೇ ವೈರಿನ ಮನೆಗೆ 2000 ವಾಟ್ ತರಬೇಡಿ. ಅದಕ್ಕೆ 15 ಆಂಪಿಯರಿನ ಸಾಕೆಟ್ಟು, ದಪ್ಪ ವೈರು, ಅರ್ತಿಂಗ್ ಇರಲೇಬೇಕು. ಕಾಯಿಲ್ ಮೇಲೆ ಸುಣ್ಣ ಕಟ್ಟಿದರೆ ಬಿಲ್ಲು ಏರುತ್ತದೆ ಎಂಬುದೂ ಅಷ್ಟು ಸರಿಯಲ್ಲ. ಶಾಖ ನೀರಿಗೇ ಹೋಗಬೇಕು, ಬೇರೆ ದಾರಿ ಇಲ್ಲ. ಆದರೆ ಒಳಗೆ ಕಾದು ಕಾಯಿಲ್ಲೇ ಸುಟ್ಟುಹೋಗುತ್ತದೆ. ಹುಣಸೆ ಹುಳಿಯಲ್ಲಿ ಅದ್ದಿಟ್ಟು ಉಜ್ಜಿ.

ಇನ್ನು ಕುದಿಯುವ ಹಾಗೆ ಕಾಯಿಸಿ ತಣ್ಣೀರು ಬೆರೆಸುವುದು ನಮ್ಮವರ ಚಟ. ಬಿಸಿ ಹೆಚ್ಚಿದಷ್ಟೂ ಹಬೆ ಹೆಚ್ಚು. ಮೈಗೆ ಹಿಡಿಸುವಷ್ಟಕ್ಕೆ ನಿಲ್ಲಿಸಿ. ಬಿಸಿ ನೋಡಲು ಮಾತ್ರ ಕಾಯಿಲ್ ಇದ್ದಾಗ ಕೈ ಅದ್ದಬಾರದು. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಆಮೇಲೆ ಮುಟ್ಟಿ. ತಾಮ್ರದ ಹಂಡೆಯಲ್ಲಿ, ತಗಡಿನ ಬಕೀಟಿನಲ್ಲಿ ಕಾಯಿಲ್ ಬೇಡವೇ ಬೇಡ. ಹಂಡೆ ಇದ್ದವರು ಒಲೆಗೇ ಇಟ್ಟುಕೊಳ್ಳಲಿ, ಮುಚ್ಚಳ ಅದಕ್ಕೂ ಅಷ್ಟೇ ಬೇಕು.