ಹಾವಿಗೂ ಹಕ್ಕುಪತ್ರ ಬೇಕು

ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿರುವ ನಮ್ಮ ಅಕ್ಕನ ಮಗನಿಗೆ ಹಾವು ಸಾಕುವ ಹುಚ್ಚು. ಬೆಂಗಳೂರಿನಲ್ಲಿ ಕೆಲಸ, ದಿನಾ ಮಾರಿಕುಪ್ಪಂ ರೈಲಿನಲ್ಲಿ ಓಡಾಟ, ಸಂಬಳದಲ್ಲಿ ಅಷ್ಟಿಷ್ಟು ಎತ್ತಿಟ್ಟು ಇಪ್ಪತ್ತೈದು ಸಾವಿರ ಕೂಡಿಸಿದ್ದಾನೆ. ‘ಮಾವ, ಎಲ್ಲಿ ತಗೊಂಡ್ರೆ ಮೋಸ ಆಗಲ್ಲ, ನೀವೇ ನೋಡಿ ಹೇಳಿ’ ಎಂದು ಬಂಗಾರಪೇಟೆಗೆ ಬಂದು ಕೂತ. ಹಾವಿನ ವಿಷಯ ನನಗೆ ಅಷ್ಟಕ್ಕಷ್ಟೆ. ಮಾರುವವರ ಮಾತು ಕೇಳಿ ಮಾತ್ರ ಕಿವಿ ಪಳಗಿದೆ. ಜೊತೆಗೆ ಹೊರಟೆ.

ಅಕ್ಕನದು ಬೇರೆಯದೇ ತಕರಾರು. ಮಳೆ ಬಿದ್ದರೆ ಹಳೆಯ ಚಿನ್ನದ ಗಣಿಯ ಸೈನೈಡ್ ದಿಬ್ಬದ ಕಡೆಯಿಂದ ಹಾವು ಬಚ್ಚಲಿಗೇ ಬರುತ್ತದೆ. ‘ಬಿಟ್ಟಿ ಬರೋದನ್ನ ಓಡಿಸ್ತೀವಿ, ಇವನು ದುಡ್ಡು ಕೊಟ್ಟು ತರ್ತಾನಂತೆ!’ ಮಾತೇನೋ ಸರಿ. ಆದರೆ ಬಚ್ಚಲಿಗೆ ಬಂದ ಆ ಬಿಟ್ಟಿ ಹಾವೇ ಎಲ್ಲಕ್ಕಿಂತ ದುಬಾರಿ. ನಾಗರ, ಕೆರೆಹಾವು, ಹೆಬ್ಬಾವು, ಮಣ್ಣುಮುಕ್ಕ, ಈ ನೆಲದ ಹಾವು ಯಾವುದೇ ಇರಲಿ, ಹಿಡಿದು ಮನೆಯಲ್ಲಿಟ್ಟುಕೊಳ್ಳಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಿಡುವುದಿಲ್ಲ. 2022ರ ತಿದ್ದುಪಡಿಯ ನಂತರ, ಹೆಬ್ಬಾವಿನಂಥ ಮೊದಲ ಅನುಸೂಚಿಯ ಪ್ರಾಣಿಯಾದರೆ ಮೂರರಿಂದ ಏಳು ವರ್ಷ ಜೈಲು, ದಂಡ ಕಡಿಮೆ ಎಂದರೂ 25,000 ರೂಪಾಯಿ. ಹುಡುಗನ ಪೂರ್ತಿ ಉಳಿತಾಯ!

ಹಾವು ಹುಡುಕುತ್ತಿದ್ದೇವೆ ಎಂಬ ಸುದ್ದಿ ಊರಲ್ಲಿ ಹಬ್ಬಿದ್ದೇ ತಡ, ಸೈಟು ಮಾರಿಸುವ ಬ್ರೋಕರ್ ಒಬ್ಬ ಸ್ಟೇಷನ್ ಹತ್ತಿರ ಪಾನಿಪುರಿ ತಿನ್ನುತ್ತಿದ್ದವನು ನಮ್ಮನ್ನು ಪಕ್ಕಕ್ಕೆ ಕರೆದ. ‘ಇರ್ತಲೆ ಐತೆ ಸಾರ್, ಎರಡೂವರೆ ಕೆಜಿ. ಮೂರು ದಾಟಿದ್ರೆ ರೇಟೇ ಬೇರೆ, ಕೋಟಿ ಲೆಕ್ಕ.’ ಇರ್ತಲೆ ಎಂದರೆ ಅದೇ ಮಣ್ಣುಮುಕ್ಕ. ಬಾಲ ಮೊಂಡಾಗಿ ತಲೆಯ ಹಾಗೇ ಕಾಣುತ್ತದೆ, ಅಷ್ಟಕ್ಕೇ ಎರಡು ತಲೆ ಎಂಬ ಹೆಸರು. ವಿಷವಿಲ್ಲ, ಮಣ್ಣಲ್ಲಿ ಹುದುಗಿಕೊಂಡು ಇಲಿ ತಿಂದುಕೊಂಡಿರುವ ಪಾಪದ ಪ್ರಾಣಿ. ಮನೆಯಲ್ಲಿಟ್ಟರೆ ಲಕ್ಷ್ಮಿ ಬರುತ್ತಾಳೆ ಎಂದು ಒಬ್ಬ, ಹೊರದೇಶದಲ್ಲಿ ಔಷಧಿಗೆ ಬೇಕಂತೆ ಎಂದು ಇನ್ನೊಬ್ಬ.

ಇದರ ರೇಟಿನ ಬಗ್ಗೆ ಒಂದೇ ಪ್ರಶ್ನೆ ಕೇಳಿದೆ: ಕೊನೆಗೆ ಕೊಳ್ಳುವವನು ಯಾರು? ‘ಚೆನ್ನೈ ಪಾರ್ಟಿ.’ ಚೆನ್ನೈ ಪಾರ್ಟಿಯನ್ನು ಕೇಳಿದರೆ ಮುಂಬೈ ಎನ್ನುತ್ತಾನೆ, ಮುಂಬೈಯವನು ದುಬೈ ಎನ್ನುತ್ತಾನೆ. ಹಸು ಹಾಲು ಕೊಡುತ್ತದೆ, ಸೈಟಿಗೆ ಬಾಡಿಗೆ ಬರುತ್ತದೆ, ಚಿನ್ನಕ್ಕೆ ಯಾವ ಊರಲ್ಲಾದರೂ ರೇಟಿದೆ. ಇರ್ತಲೆಗಿರುವುದು ಮುಂದಿನ ಗಿರಾಕಿಯ ಆಸೆಯೊಂದೇ. ಮೋಸ ಹೋದವನು ಠಾಣೆಗೆ ಹೋಗಲಾರ, ಹೋದರೆ ಅವನೂ ಆರೋಪಿ. ಈ ದಂಧೆಯ ನಿಜವಾದ ಬಂಡವಾಳ ಅದೇ. 2014ರಲ್ಲಿ ಬಂದ ‘ಸತುರಂಗ ವೇಟ್ಟೈ’ ತಮಿಳು ಸಿನಿಮಾ ಶುರುವಾಗುವುದೇ ಈ ಹಾವಿನ ಮೋಸದಿಂದ. ಕೆಜಿಎಫ್‌ನಲ್ಲಿ ತಮಿಳು ಸಿನಿಮಾ ನೋಡದವರು ಯಾರಿದ್ದಾರೆ? ನೋಡಿ ನಕ್ಕವರೇ ಆಮೇಲೆ ಅಡ್ವಾನ್ಸ್ ಕೊಟ್ಟಿದ್ದಾರೆ. ಡಬ್ಲ್ಯೂಸಿಎಸ್-ಇಂಡಿಯಾ ಸಂಸ್ಥೆ 2016ರಿಂದ 2021ರವರೆಗೆ ದೇಶದಲ್ಲಿ ಈ ಹಾವನ್ನು ವಶಪಡಿಸಿಕೊಂಡ 172 ಪ್ರಕರಣಗಳನ್ನು ಲೆಕ್ಕ ಹಾಕಿದೆ. ಸಿಕ್ಕಿಬಿದ್ದವು ಇಷ್ಟು.

ಹುಡುಗನಿಗೆ ಬೇಕಿದ್ದದ್ದು ಬಾಲ್ ಪೈಥಾನ್. ಆಫ್ರಿಕಾದ ಸಣ್ಣ ಜಾತಿಯ ಹೆಬ್ಬಾವು, ಹೆದರಿದರೆ ಉಂಡೆಯಾಗಿ ತಲೆ ಒಳಗೆ ಬಚ್ಚಿಟ್ಟುಕೊಳ್ಳುತ್ತದೆ. ಇದನ್ನು ಕಾನೂನಿನ ಪ್ರಕಾರವೇ ಸಾಕಬಹುದು, ಆದರೆ ನೋಂದಣಿಯಾಗಬೇಕು. ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿಗಳಿಗೆಂದು ಕೇಂದ್ರ ಸರ್ಕಾರ 2024ರ ಫೆಬ್ರವರಿಯಲ್ಲಿ ನಿಯಮ ತಂದಿದೆ. ಪ್ರಾಣಿ ಕೈಗೆ ಬಂದ 30 ದಿನದೊಳಗೆ ಪರಿವೇಶ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಮರಿ ಹಾಕಿದರೂ, ಸತ್ತರೂ, ಬೇರೆಯವರಿಗೆ ಕೊಟ್ಟರೂ ತಿಳಿಸಬೇಕು. ಅಮೆರಿಕದ ಕಾರ್ನ್ ಸ್ನೇಕ್ ಆ ಪಟ್ಟಿಯಲ್ಲಿಲ್ಲ. ಹಾಗೆಂದು ಬಿಲ್ಲೇ ಬೇಡ ಎನ್ನುವ ಅಂಗಡಿಯವನ ಮಾತು ಕೇಳಬಾರದು, ಹೊರದೇಶದಿಂದ ತರಲು ಪರವಾನಗಿ ಅದಕ್ಕೂ ಬೇಕು.

ಇನ್‌ಸ್ಟಾಗ್ರಾಂನಲ್ಲಿ ಅವನು ಒಬ್ಬ ಮಾರಾಟಗಾರನನ್ನು ಹಿಡಿದಿದ್ದ. ಕಪ್ಪು ಬಟ್ಟೆಯ ಮೇಲೆ ಹಳದಿ ಹಾವು, ಹನ್ನೆರಡು ಸಾವಿರ. ಅರ್ಧ ದುಡ್ಡು ಮೊದಲೇ ಯುಪಿಐನಲ್ಲಿ ಹಾಕಬೇಕು. ಹಾವು ರಾತ್ರಿ ಬಸ್ಸಿಗೆ ಬರುತ್ತದೆ, ಪಾರ್ಸೆಲ್ ಮೇಲೆ ‘ಬಟ್ಟೆ’ ಎಂದು ಬರೆದಿರುತ್ತದೆ. ಪತ್ರ ಇದೆಯೇನಪ್ಪಾ ಎಂದೆ. ‘ಪೇಪರ್ ಬೇಕಂದ್ರೆ ನಾಲ್ಕು ಸಾವಿರ ಎಕ್ಸ್‌ಟ್ರಾ ಸಾರ್.’ ಅಲ್ಲಿಗೆ ಮಾತು ಮುಗಿಯಿತು. ಕಾಗದವನ್ನು ಹಾವಿನ ಜೊತೆ ಕೊಡದೆ ಬೇರೆಯಾಗಿ ಮಾರುವವನ ಹಾವು ಎಲ್ಲಿಂದ ಬಂತು ಎಂದು ಊಹಿಸುವುದು ಕಷ್ಟವಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಬ್ಯಾಗುಗಳನ್ನು ಕಸ್ಟಮ್ಸ್‌ನವರು ಬಿಚ್ಚಿದಾಗ 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪ, ಜೊತೆಗೆ ಸತ್ತುಬಿದ್ದ ಆರು ಕಪುಚಿನ್ ಕೋತಿಗಳು ಸಿಕ್ಕಿದವು. ಆ ದಾರಿಯಲ್ಲಿ ಬಂದ ಹಾವು ಅಗ್ಗವಾಗಿರಲೇಬೇಕು.

ಕೊನೆಗೆ ಹೋದದ್ದು ಬೆಂಗಳೂರಿನ ಹೊರವಲಯದಲ್ಲಿ ಮನೆಯಲ್ಲೇ ಮರಿ ಮಾಡಿಸುವ ಒಬ್ಬರ ಹತ್ತಿರ. ಕೋಣೆಯಲ್ಲಿ ಪ್ಲಾಸ್ಟಿಕ್ ಡಬ್ಬಿಗಳ ಸಾಲು, ಪ್ರತಿ ಡಬ್ಬಿಯ ಮುಂದೆ ಒಂದು ಚೀಟಿ: ಮೊಟ್ಟೆ ಒಡೆದ ತಾರೀಖು, ತಿಂದ ದಿನಗಳು, ಇಲಿಯ ತೂಕ, ಪೊರೆ ಬಿಟ್ಟ ದಿನ. ಒಂದು ಚೀಟಿಯಲ್ಲಿ ಸಾಲಾಗಿ ನಾಲ್ಕು ವಾರ ‘ಇಲ್ಲ, ಇಲ್ಲ’ ಎಂದಿತ್ತು. ಆ ಮರಿ ಕೊಡುವುದಿಲ್ಲ ಎಂದರು. ಬಾಲ್ ಪೈಥಾನ್ ಮುನಿಸಿಕೊಂಡರೆ ವಾರಗಟ್ಟಲೆ ಉಪವಾಸ ಕೂರುತ್ತದಂತೆ, ಹೊಸಬರ ಕೈಗೆ ಕೊಟ್ಟರೆ ಗಾಬರಿಯಾಗುತ್ತಾರೆ. ತಾಯಿ ಹಾವಿನ ನೋಂದಣಿ ಪತ್ರ ಕೇಳುವ ಮೊದಲೇ ಮುಂದಿಟ್ಟರು. ದರ ಹದಿನೆಂಟು ಸಾವಿರ. ಬಸ್ ಪಾರ್ಸೆಲ್‌ಗಿಂತ ಆರು ಸಾವಿರ ಹೆಚ್ಚು, ಪತ್ರ ಇರುವುದರಿಂದ ನನ್ನ ಲೆಕ್ಕದಲ್ಲಿ ಅಗ್ಗ. ಚಿನ್ನದ ಗಣಿಯ ಕಂಪನಿ ಬಿಜಿಎಂಎಲ್ 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ ಮೇಲೂ ಅದರ ಕ್ವಾರ್ಟರ್ಸ್‌ನಲ್ಲೇ ಉಳಿದ ಮನೆಗಳವರನ್ನು ಕೇಳಿ, ಕಾಲ ಕೆಳಗಿನ ನೆಲಕ್ಕೂ ಕೈಯಲ್ಲಿರುವ ಹಕ್ಕುಪತ್ರಕ್ಕೂ ಎಷ್ಟು ವ್ಯತ್ಯಾಸ ಎಂದು ಹೇಳುತ್ತಾರೆ. ಪತ್ರವಿಲ್ಲದ ಹಾವನ್ನು ಮಾರಲಾಗದು, ಕೊಡಲಾಗದು, ಕಾಯಿಲೆಯಾದರೆ ಧೈರ್ಯವಾಗಿ ಡಾಕ್ಟರಿಗೆ ತೋರಿಸಲೂ ಆಗದು.

ಅಲ್ಲೇ ಇದ್ದ ಇನ್ನೊಬ್ಬ ಗಿರಾಕಿ, ಜೋಡಿ ತಗೊಂಡು ಮರಿ ಮಾಡಿ ಮಾರಿದರೆ ಎರಡು ವರ್ಷದಲ್ಲಿ ಅಸಲು ಬರುತ್ತದೆ ಎಂದು ಹುಡುಗನ ಕಿವಿಯೂದಿದ. ಅಪರೂಪದ ಬಣ್ಣಕ್ಕೆ ಬೆಲೆ ಇರುವುದು ಅದು ಅಪರೂಪವಾಗಿರುವ ತನಕ. ಎಲ್ಲರೂ ಅದೇ ಬಣ್ಣ ಮರಿ ಮಾಡಿದ ಮೇಲೆ? ನಮ್ಮ ಗಡಿಯಾಚೆ ತಮಿಳುನಾಡಿನ ಪೆರುಂದುರೈಯಲ್ಲಿ 2012ರಲ್ಲಿ ಕುಸಿದ ಈಮು ವ್ಯವಹಾರದಲ್ಲೂ ಮರಿ ಮಾರಿದವರಿದ್ದರು, ಹಕ್ಕಿ ತಿನ್ನುವವರಿರಲಿಲ್ಲ.

ಇನ್ನು ಖರ್ಚು. ಸಾಕಿದ ಬಾಲ್ ಪೈಥಾನ್ ಇಪ್ಪತ್ತು, ಮೂವತ್ತು ವರ್ಷ ಬದುಕುತ್ತದೆ. ಬೆಳೆದ ಹಾವಿಗೆ ಎರಡು ವಾರಕ್ಕೊಂದು ಇಲಿ. ಒಂದಕ್ಕೆ ನೂರು ರೂಪಾಯಿ ಎಂದು ಹಿಡಿದರೆ ವರ್ಷಕ್ಕೆ 2,600. ಬೆಲೆ ವರ್ಷಕ್ಕೆ ಶೇ 6ರಂತೆ ಏರುತ್ತಾ ಹೋದರೆ ಇಪ್ಪತ್ತು ವರ್ಷಕ್ಕೆ 95 ಸಾವಿರ ದಾಟುತ್ತದೆ. ಡಬ್ಬಿಯಡಿ ಇಡುವ 20 ವಾಟ್‌ನ ಹೀಟಿಂಗ್ ಪ್ಯಾಡ್ ದಿನವಿಡೀ ಉರಿದರೆ ತಿಂಗಳಿಗೆ 14 ಯೂನಿಟ್. ನಮ್ಮ ಕಡೆಯ ಚಳಿಗೆ ಅದಿಲ್ಲದೆ ಆಗದು. ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಯವರು ಹಿಂದಿನ ಸರಾಸರಿ ನೋಡಿ ಮಿತಿ ಕಟ್ಟಿದ್ದಾರೆ, ಅದನ್ನು ದಾಟಿಸಲು ಕೆಲವು ಮನೆಗಳಿಗೆ ಈ 14 ಸಾಕು. ಡಾಕ್ಟರ ಖರ್ಚು ಬೇರೆ. ನಮ್ಮದು ಹಾಲಿನ ಜಿಲ್ಲೆ, ಇಲ್ಲಿನ ಪಶುವೈದ್ಯರ ಕೈ ಪಳಗಿರುವುದು ಹಸುವಿನ ಮೇಲೆ. ಹಾವು ಮೂಗು ಸುರಿಸಿದರೆ ಬೆಂಗಳೂರಿಗೇ ಟ್ಯಾಕ್ಸಿ ಮಾಡಬೇಕು.

ಹದಿನೆಂಟು ಸಾವಿರ ಕೊಟ್ಟು ಉಳಿಯುವ ಏಳು ಸಾವಿರದಲ್ಲಿ ಇದೆಲ್ಲ ಆಗುವುದಿಲ್ಲ ಎಂದು ಹುಡುಗನಿಗೇ ಲೆಕ್ಕ ಬರೆಯಲು ಕೊಟ್ಟೆ. ಬರೆದು ನೋಡಿ, ತಿಂಗಳಿಗೆ ಸಾವಿರ ರೂಪಾಯಿಯ ಆರ್‌ಡಿ ಶುರು ಮಾಡಿದ್ದಾನೆ. ಆ ಮನೆಯವರ ಮುಂದಿನ ಮೊಟ್ಟೆಗಳು ಒಡೆಯಲು ಇನ್ನೂ ಎರಡು ತಿಂಗಳಿದೆ, ಮರಿ ನಾಲ್ಕಾರು ಸಲ ತಿಂದದ್ದು ಚೀಟಿಯಲ್ಲಿ ಕಂಡ ಮೇಲೆ ಕೊಡುತ್ತಾರೆ. ಅಷ್ಟರಲ್ಲಿ ಅಕ್ಕ ಅರ್ಧ ಒಪ್ಪಿದ್ದಾಳೆ. ಸತ್ತ ಇಲಿಯನ್ನು ಮನೆಯ ಫ್ರಿಜ್ಜಿನಲ್ಲಿ ಇಡಕೂಡದು ಎಂಬುದೊಂದೇ ಅವಳ ಷರತ್ತು. ಹಾಗಾಗಿ ಹಾವಿಗಿಂತ ಮುಂಚೆ ಒಂದು ಸೆಕೆಂಡ್ ಹ್ಯಾಂಡ್ ಫ್ರಿಜ್ಜು ಬರಬೇಕಾಗಿದೆ. ಆಂಡರ್ಸನ್‌ಪೇಟೆಯಲ್ಲಿ ಯಾರೋ ಮೂರು ಸಾವಿರಕ್ಕೆ ಕೊಡುತ್ತಾರಂತೆ. ಅದಕ್ಕೂ ಬಿಲ್ಲು ಕೇಳು ಎಂದಿದ್ದೇನೆ.